ನಾಲ್ಕು ತಾಲೂಕು, ಎರಡೆರಡು ಅಂಡರ್‌ಸ್ಕೋರ್

ಕಂಪ್ಯೂಟರ್ ಕಲಿಸುವ ನನ್ನಂಥವನಿಗೆ ನಗೆಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಬಸ್ಸಿಳಿದು ಒಂದು ಚಹಾ ಕುಡಿಯುವಷ್ಟರಲ್ಲಿ ಅವೇ ಎದುರಿಗೆ ಬಂದು ನಿಂತಿರುತ್ತವೆ. ನಾನು ಸ್ವಭಾವತಃ ಹೆಚ್ಚು ನಗುವವನಲ್ಲ. ನಕ್ಕರೆ ಮಾಸ್ತರುಗಳಿಗೆ ಬೇಜಾರಾಗುತ್ತದೆ, ಬೇಜಾರಾದ ಮಾಸ್ತರಿಗೆ ಪಾಠ ಹೇಳುವುದು ಯಾರಿಂದಲೂ ಆಗುವ ಕೆಲಸವಲ್ಲ. ಆಗ ನುಂಗಿಕೊಂಡ ನಗುವನ್ನು ಈಗ ಇಲ್ಲಿ ಇಳಿಸುತ್ತಿದ್ದೇನೆ.

ನನ್ನ ಕೆಲಸ ಶಾಲೆಯ ಮಾಸ್ತರುಗಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುವುದು. ಆ ಸಲದ ತಂಡದಲ್ಲಿ ತಾಲೂಕಿಗೊಬ್ಬರಂತೆ ನಾಲ್ವರಿದ್ದರು. ಇಂಡಿ ತಾಲೂಕಿನ ಗಣಿತದ ಮಾಸ್ತರು, ಸಿಂದಗಿಯ ಸಮಾಜ ವಿಜ್ಞಾನದ ಮಾಸ್ತರು, ಮುದ್ದೇಬಿಹಾಳದ ಉರ್ದು ಶಾಲೆಯ ಮಾಸ್ತರು ಮತ್ತು ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಯ ವಿಜ್ಞಾನದ ಅಕ್ಕೋರು, ಅಂದರೆ ಶಿಕ್ಷಕಿ. ತರಬೇತಿ ಎಲ್ಲಿ ಎಂಬ ಮಾತು ಬಂದಾಗ ನಾಲ್ವರೂ ಒಂದೇ ಉಸಿರಿಗೆ "ನಮ್ಮೂರಾಗ ಇಡ್ರಿ" ಅಂದರು. ಕೊನೆಗೆ ವಾರಕ್ಕೊಂದು ಊರು ಎಂದು ತೀರ್ಮಾನವಾಯಿತು. ಕಡೆಯ ವಾರ ಬಾಗೇವಾಡಿಯಲ್ಲಿ ಪರೀಕ್ಷೆ. ಪಾಸಾದವರ ಶಾಲೆಗೆ ಕಂಪ್ಯೂಟರುಗಳ ಪೆಟ್ಟಿಗೆಗಳು ಹೋಗುತ್ತವೆ, ಫೇಲಾದವರ ಪೆಟ್ಟಿಗೆಗಳು ಬಂದ ದಾರಿಯಲ್ಲೇ ವಾಪಸ್ಸು.

ಮೂವರು ಮಾಸ್ತರುಗಳಿಗೆ ಪೆಟ್ಟಿಗೆ ಬಂದರೆ ಸಂತೋಷ, ಬರದಿದ್ದರೆ ಒಂದು ಕೋಣೆ ಉಳಿಯಿತು ಎಂಬ ಸಮಾಧಾನ. ಅಕ್ಕೋರದು ಹಾಗಲ್ಲ. ಮೊದಲ ದಿನವೇ ಅವರು ಕೈಚೀಲದಿಂದ ಒಂದು ರಟ್ಟನ್ನು ತೆಗೆದು ಮೇಜಿನ ಮೇಲಿಟ್ಟರು. ಸೀರೆ ಡಬ್ಬಿಯ ರಟ್ಟನ್ನು ಕತ್ತರಿಸಿ, ಸ್ಕೆಚ್ ಪೆನ್ನಿನಿಂದ ಗೆರೆ ಹೊಡೆದು ಮಾಡಿದ ಕೀಬೋರ್ಡ್ ಅದು. ಒತ್ತಿಸಿಕೊಂಡು ಒತ್ತಿಸಿಕೊಂಡು ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು.

"ನಮ್ಮ ಹುಡುಗ್ಯಾರು ಇದರ ಮ್ಯಾಲೆನ ಕಲೀತಾರ್ರಿ ಸರ," ಅಂದರು ಅಕ್ಕೋರು. "ಮೊನ್ನೆ ಒಬ್ಬಾಕಿ ಎಂಟರ್ ಒತ್ತಿ ಸುಮ್ಮನ ಕುಂತಿದ್ಲು. ಯಾಕವಾ ಅಂದ್ರ, 'ಏನೂ ಆಗವಲ್ದರಿ ಅಕ್ಕೋರ' ಅಂದ್ಲು. ನಾ ಏನಂತ ಹೇಳ್ಲಿ?"

ತರಬೇತಿ ಕೊಡುವವನು ಯಾರ ಪರವೂ ಇರಬಾರದು. ಆದರೂ ಇವರೊಬ್ಬರು ಪಾಸಾಗಲೇಬೇಕು ಎಂದು ಆವತ್ತೇ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಇನ್ನು ಪಾಠದ ವಿಷಯ. ಪೈಥಾನಿನಲ್ಲಿ ನಾವು ಕ್ಲಾಸ್ ಎಂದು ಒಂದು ಅಚ್ಚು ಮಾಡಿಕೊಳ್ಳುತ್ತೇವೆ, ಅದರಿಂದ ಬೇಕಾದಷ್ಟು ವಸ್ತುಗಳನ್ನು ತೆಗೆಯುತ್ತೇವೆ. ಆ ಅಚ್ಚಿನೊಳಗೆ, ಏನು ಮಾಡಬೇಕು ಎಂದು ಹೇಳುವ ಕೆಲವು ವಿಶೇಷ ಮೆಥಡ್‌ಗಳನ್ನು ಬರೆಯಬಹುದು. ಹೆಸರಿನ ಹಿಂದೆ ಎರಡು, ಮುಂದೆ ಎರಡು ಅಂಡರ್‌ಸ್ಕೋರ್ ಎಂಬ ಅಡಿಗೆರೆ ಇರುವುದರಿಂದ ಇವನ್ನು ದೂರದಿಂದಲೇ ಗುರುತಿಸಬಹುದು. ಇವುಗಳನ್ನು ನಾವು ಕರೆಯುವ ಅಗತ್ಯವಿಲ್ಲ. ಲಗ್ನದ ಮನೆಯಲ್ಲಿ ಯಾರೂ ಹೇಳದೆಯೇ ಬಡಿಸಲು ನಿಲ್ಲುವ ಓಣಿಯ ಮಂದಿಯಂತೆ ಇವು ಹೊತ್ತಿಗೆ ಸರಿಯಾಗಿ ತಾವೇ ಬರುತ್ತವೆ. ಎಷ್ಟಿದೆ ಎಂದು ಕೇಳಿದರೆ ಲೆನ್ ಎಂಬುದು ಬರುತ್ತದೆ, ಇದು ಹೌದೋ ಅಲ್ಲವೋ ಎಂದರೆ ಬೂಲ್ ಬರುತ್ತದೆ, ನೀನು ಯಾರು ಎಂದು ತೆರೆಯ ಮೇಲೆ ತೋರಿಸು ಎಂದರೆ ಸ್ಟರ್ ಬರುತ್ತದೆ. ಬಂದು ಏನು ಹೇಳಬೇಕು ಎಂಬುದನ್ನು ಮಾತ್ರ ನಾವು ಬರೆದಿಡಬೇಕು. ನನ್ನ ನಾಲ್ವರು ಶಿಷ್ಯರು ತಮ್ಮ ಊರಿನಲ್ಲಿ ಹೇಗೆ ಹೇಳುತ್ತಾರೋ ಹಾಗೆ ಬರೆದರು. ಎಲ್ಲ ಎಡವಟ್ಟುಗಳೂ ಅಲ್ಲಿಂದಲೇ ಶುರುವಾದವು.

೧. ಎಣಿಸಬಾರದ ಬುಟ್ಟಿ

ಮೊದಲ ವಾರ ಇಂಡಿ. ಅಲ್ಲಿಯ ಗಣಿತದ ಮಾಸ್ತರಿಗೆ ನಿಂಬೆಯ ತೋಟವಿದೆ. ನಾವು ಹೋದ ಕೂಡಲೇ ಒಂದು ಗ್ಲಾಸ್ ಶರಬತ್ತು ಕೊಟ್ಟು, ಅದನ್ನು ಕುಡಿಯುವ ಮೊದಲೇ ಇನ್ನೊಂದು ಗ್ಲಾಸ್ ತುಂಬಿಸಿದರು. ಅಂಥ ಧಾರಾಳ ಮನುಷ್ಯ. ನಾನು ಅವರಿಗೆ ಕೊಟ್ಟ ಲೆಕ್ಕ ಸರಳವಾಗಿತ್ತು. ರೊಟ್ಟಿ ಬುಟ್ಟಿ ಎಂಬ ಕ್ಲಾಸ್ ಮಾಡಬೇಕು, ಅದರಲ್ಲಿ ರೊಟ್ಟಿ ಹಾಕಬೇಕು, ಎಷ್ಟಿವೆ ಎಂದು ಹೇಳುವ ಲೆನ್ ಬರೆಯಬೇಕು. ಅತಿಥಿ ಬಂದಾಗ ಬುಟ್ಟಿಯಲ್ಲಿ ರೊಟ್ಟಿ ಇದ್ದರೆ 'ಬರ್ರಿ ಊಟಕ್ಕ' ಎಂದೂ ಇಲ್ಲದಿದ್ದರೆ 'ಊಟ ಆಗೇತಿ, ಮತ್ತ ಬರ್ರಿ' ಎಂದೂ ತೆರೆಯ ಮೇಲೆ ಬರಬೇಕು.

ಮಾಸ್ತರು ಚೆನ್ನಾಗಿಯೇ ಬರೆದರು. ಬುಟ್ಟಿಯ ತುಂಬ ರೊಟ್ಟಿ ಹಾಕಿದರು. ಅತಿಥಿಯ ಹೆಸರಿನ ಜಾಗದಲ್ಲಿ 'ಬೀಗರು' ಎಂದು ಬರೆದು, ಅಂಗಿಯ ತೋಳು ಸರಿ ಮಾಡಿಕೊಂಡು ಎಂಟರ್ ಒತ್ತಿದರು. 'ಊಟ ಆಗೇತಿ, ಮತ್ತ ಬರ್ರಿ' ಎಂದು ಬಂತು.

ಮಾಸ್ತರ ಮುಖ ಬಿಳಿಚಿಕೊಂಡಿತು. "ಏ ಇದರ! ಬೀಗರ್ನ ಬಾಗಲದಾಗಿಂದ ಹೊಳ್ಳಿ ಕಳಿಸ್ತಲ್ರಿ ಇದು! ಬುಟ್ಟಿ ತುಂಬ ರೊಟ್ಟಿ ಅದಾವ್ರಿ!"

ನಾನು ಅವರ ಲೆನ್ ತೆರೆದು ನೋಡಿದೆ. ರೊಟ್ಟಿ ಎಷ್ಟೇ ಇರಲಿ, ಉತ್ತರ ಸೊನ್ನೆ ಎಂದು ಬರೆದಿದ್ದರು.

"ಇದ್ಯಾಕೆ ಸೊನ್ನೆ?" ಎಂದು ಕೇಳಿದೆ.

"ಉಣ್ಣಾಕ ಕುಂತಾವ್ರ ಮುಂದ ರೊಟ್ಟಿ ಎಣಸ್ತಾರೇನ್ರಿ ಸರ?" ಅಂದರು ಮಾಸ್ತರು, ನನ್ನ ಮನೆತನದ ಬಗ್ಗೆಯೇ ಅನುಮಾನ ಬಂದವರ ಹಾಗೆ. "ನಮ್ಮವ್ವ ಇದ್ದಿದ್ರ ಕೈಯಾಗಿನ ಲಟ್ಟಣಿಗಿ ತಗೊಂಡ ಬರ್ತಿದ್ಲು. ಅದಕ್ಕ ಯಾರ ಕೇಳಿದ್ರೂ ಸೊನ್ನಿ ಅಂತ ಹೇಳು ಅಂದೇನಿ."

ಪೈಥಾನಿಗೆ ಈ ಮರ್ಯಾದೆ ತಿಳಿಯದು. ಬುಟ್ಟಿಯಲ್ಲಿ ಏನಾದರೂ ಇದೆಯೇ ಎಂದು ಅದಕ್ಕೆ ಅನುಮಾನ ಬಂದರೆ, ಬೂಲ್ ಬರೆದಿಲ್ಲದಿದ್ದಾಗ, ಲೆನ್ ಅನ್ನೇ ಕೇಳುತ್ತದೆ. ಸೊನ್ನೆ ಅಂದರೆ ಬುಟ್ಟಿ ಖಾಲಿ. ಖಾಲಿ ಅಂದರೆ ಬೀಗರು ವಾಪಸ್ಸು. ಇದನ್ನು ನಾನು ಬೋರ್ಡಿನ ಮೇಲೆ ಬರೆದು ವಿವರಿಸುವಷ್ಟರಲ್ಲಿ ಅಕ್ಕೋರು ಎದ್ದು ಹೋಗಿ ಮಾಸ್ತರಿಗೆ ದಾರಿ ತೋರಿಸಿದ್ದರು. "ಒಂದು ಬೂಲ್ ಬರೀರಿ ಮಾಸ್ತರ. ಬುಟ್ಟಿ ಮ್ಯಾಲಿನ ಅರಬಿ ಎತ್ತಿ ಹಣಿಕಿ ಹಾಕಿ, ಅದಾವೋ ಇಲ್ಲೋ ಅಂತ ಅಷ್ಟ ಹೇಳಿದ್ರ ಸಾಕು. ಎಣಸೂದ ಬ್ಯಾಡ."

ಮಾಸ್ತರಿಗೆ ಜೀವ ಬಂತು. ಮಧ್ಯಾಹ್ನ ಅವರ ಮನೆಯಿಂದ ಖರೇ ಬುಟ್ಟಿ ಬಂತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅವರು ಎಣಿಸದೆ ಹಾಕಿದರು, ನಾನು ಎಣಿಸದೆ ತಿಂದೆ. ಊಟವಾದ ಮೇಲಿನ ಪಾಠದಲ್ಲಿ ಬೋರ್ಡಿಗೆ ಒರಗಿ ನಿಂತವನು ಹಾಗೇ ನಿದ್ದೆ ಹೋದೆ. ಊಟದ ಬುಟ್ಟಿಗೂ ಲೆನ್ ಬರೆಯುವುದನ್ನು ಕಡ್ಡಾಯ ಮಾಡಬೇಕಿತ್ತು ಎಂದು ಎಚ್ಚರವಾದ ಮೇಲೆ ಅನ್ನಿಸಿತು.

೨. ಟವೆಲ್ ಇದ್ದಲ್ಲಿ ಮನುಷ್ಯ

ಇಂಡಿಯ ಮಾಸ್ತರದೇ ಇನ್ನೊಂದು, ಸಣ್ಣದು. ಎರಡನೆಯ ವಾರ ನಾವೆಲ್ಲ ಸಿಂದಗಿಯ ಬಸ್ ಹತ್ತಬೇಕಿತ್ತು. ಬಸ್ ಇನ್ನೂ ನಿಂತಿರಲಿಲ್ಲ, ಮಾಸ್ತರು ಹೆಗಲ ಮೇಲಿನ ಟವೆಲನ್ನು ಕಿಟಕಿಯೊಳಗೆ ಎಸೆದರು. ಆಮೇಲೆ ಸಾವಕಾಶವಾಗಿ ಚಹಾ ಕುಡಿದು, ಬೀಡಾ ಹಾಕಿ, ಹತ್ತಿ ಬಂದು ತಮ್ಮ ಸೀಟಿನಲ್ಲಿ ಕೂತರು. ಅಷ್ಟು ಹೊತ್ತೂ ಜನ ನಿಂತಿದ್ದರು, ಟವೆಲ್ ಕೂತಿತ್ತು.

ಸಿಂದಗಿಯಲ್ಲಿ ಆ ದಿನದ ಪಾಠ ಕಂಟೇನ್ಸ್ ಎಂಬ ಮೆಥಡ್. ಇಂಥದ್ದು ಇದರೊಳಗೆ ಇದೆಯೇ ಎಂದು ಕೇಳಿದಾಗ ಅದು ಬಂದು ಉತ್ತರ ಕೊಡುತ್ತದೆ. ಮಾಸ್ತರು ಬಸ್ ಎಂಬ ಕ್ಲಾಸ್ ಬರೆದರು. ಮನುಷ್ಯ ಬಸ್ಸಿನಲ್ಲಿ ಇದ್ದಾನೆಯೇ ಎಂದರೆ ಅವರ ಕಂಟೇನ್ಸ್ ಮನುಷ್ಯನನ್ನು ನೋಡುತ್ತಲೇ ಇರಲಿಲ್ಲ, ಸೀಟಿನ ಮೇಲೆ ಟವೆಲ್ ಇದೆಯೇ ಎಂದು ನೋಡುತ್ತಿತ್ತು.

"ಮನುಷ್ಯ ಇರಬೇಕಲ್ಲ ಮಾಸ್ತರೇ?" ಅಂದೆ.

"ಟವೆಲ್ ಐತಿ ಅಂದ್ರ ಮನುಷ್ಯಾ ಅದಾನ ಅಂತನ ಲೆಕ್ಕರಿ. ಕಂಡಕ್ಟರ್ ಒಪ್ಪತಾನ, ಮಂದಿ ಒಪ್ಪತಾರ, ನಿಮ್ಮ ಪೈಥಾನ್ ಒಪ್ಪೂದಿಲ್ಲಂದ್ರ ಹೆಂಗ್ರಿ?"

ಪೈಥಾನ್ ಕೂಡ ಒಪ್ಪಿತ್ತು, ತಕರಾರು ನನ್ನದೊಬ್ಬನದೇ. ಮಧ್ಯಾಹ್ನ ಕಚೇರಿಯಿಂದ ಫೋನ್ ಬಂತು, ನಾಲ್ವರೂ ತರಗತಿಯಲ್ಲಿ ಇದ್ದಾರೆಯೇ ಎಂದು. ನಾನು ತಿರುಗಿ ನೋಡಿದೆ. ಮೂವರಿದ್ದರು. ನಾಲ್ಕನೆಯ ಕುರ್ಚಿಯ ಮೇಲೆ ಟವೆಲ್ ಇತ್ತು.

"ಇದ್ದಾರ್ರಿ," ಅಂದೆ.

೩. ನೀವೇ ದೊಡ್ಡವರು

ಸಿಂದಗಿಯ ಮಾಸ್ತರು ಬಲು ವಿನಯವಂತರು. ಅವರ ಜೊತೆ ಬಾಗಿಲು ದಾಟುವುದು ಒಂದು ಕೆಲಸ. "ನೀವು ಮುಂದ ಹೋಗ್ರಿ", "ಇಲ್ರಿ, ನೀವು ಹೋಗ್ರಿ" ಎನ್ನುತ್ತ ಚಹಾ ಆರಿಹೋಗುತ್ತದೆ. ಆ ವಾರವೇ ಅವರ ಶಾಲೆಯ ವಾರ್ಷಿಕ ಸಮಾರಂಭವಿತ್ತು. ವೇದಿಕೆಯ ಮೇಲೆ ಯಾರು ಮೊದಲು, ಯಾರು ಆಮೇಲೆ ಎಂಬುದು ನಮ್ಮ ಕಡೆ ಸಣ್ಣ ಮಾತಲ್ಲ. ಒಬ್ಬರ ಹೆಸರು ಒಂದು ಸಾಲು ಕೆಳಗಿಳಿದರೆ ಮುಂದಿನ ವರ್ಷ ಅವರು ಆ ಓಣಿಗೇ ಬರುವುದಿಲ್ಲ. "ಈ ಸಲ ಕಂಪ್ಯೂಟರನ ಹಚ್ಚಿ ಕೊಡಲಿ, ನನ್ನ ಮ್ಯಾಲೆ ಮಾತು ಬರಬಾರದು" ಎಂದು ಮಾಸ್ತರು ನಿರ್ಧರಿಸಿದರು.

ಅತಿಥಿಗಳನ್ನು ಸಾಲಾಗಿ ಹಚ್ಚಬೇಕಾದರೆ ಪೈಥಾನ್ ಇಬ್ಬಿಬ್ಬರನ್ನು ಹಿಡಿದು, ಇವರಲ್ಲಿ ಕೆಳಗಿನವರು ಯಾರು ಎಂದು ಕೇಳುತ್ತದೆ. ಅದಕ್ಕೆ ಉತ್ತರ ಕೊಡುವುದು ಎಲ್‌ಟಿ ಎಂಬ ವಿಶೇಷ ಮೆಥಡ್. ಎಲ್‌ಟಿ ಯಾರನ್ನು ಕೆಳಗಿನವರು ಎನ್ನುತ್ತದೋ ಅವರನ್ನು ಅದು ಮುಂದೆ ಇಡುತ್ತದೆ, ಎರಡಕ್ಕಿಂತ ಸಣ್ಣದಾದ ಒಂದು ಮೊದಲು ಬರುವ ಹಾಗೆ. ಮಾಸ್ತರು ಸಾಲನ್ನು ಮೊದಲೇ ಸರಿಯಾಗಿಯೇ ಬರೆದಿದ್ದರು. ಮೊದಲು ಅಧ್ಯಕ್ಷರು, ಆಮೇಲೆ ಮುಖ್ಯ ಅತಿಥಿಗಳು, ಹೀಗೆ ಇಳಿಯುತ್ತ ಬಂದು, ವಂದನೆ ಹೇಳುವಾಗ ಮರೆಯಬಾರದೆಂದು ಕಟ್ಟಕಡೆಗೆ ಮೈಕ್ ಸೆಟ್ಟಿನವನು. ಎಲ್‌ಟಿಯಲ್ಲಿ ಮಾತ್ರ, ಯಾರನ್ನು ಯಾರ ಜೊತೆ ಹೋಲಿಸಿದರೂ ಉತ್ತರ 'ಹೌದು, ನಾನೇ ಕೆಳಗಿನವನು' ಎಂದೇ ಇತ್ತು.

ಯಾಕೆ ಹೀಗೆ ಎಂದು ಆಮೇಲೆ ಕೇಳಿದಾಗ ಮಾಸ್ತರು ಅಂದರು: "ನೀವ ಕೇಳಿ ನೋಡ್ರಿ ಬೇಕಾದ್ರ. ಯಾರರೆ ನಾ ದೊಡ್ಡಾವ ಅಂತಾರೇನ್ರಿ? ಎಲ್ಲಾರೂ 'ಏ ನಾವು ಸಣ್ಣಾವ್ರಿ, ನೀವ ದೊಡ್ಡಾವ್ರು' ಅಂತನ ಅಂತಾರು."

ಹಿಂದಿದ್ದ ಪ್ರತಿಯೊಬ್ಬರೂ ಮುಂದಿನವರಿಗಿಂತ ತಾವೇ ಕೆಳಗಿನವರು ಎಂದಾಗ ಪೈಥಾನ್, ಹಾಗಾದರೆ ಸಾಲು ಪೂರ್ತಿ ತಿರುಗಮುರುಗ ಇದೆ ಎಂದು ತಿಳಿದು ಅದನ್ನು ತಲೆಕೆಳಗು ಮಾಡಿತು. ಮಾಸ್ತರು ಸಮಾರಂಭದ ಗಡಿಬಿಡಿಯಲ್ಲಿ ಅದನ್ನು ನೋಡದೆ ಪ್ರಿಂಟ್ ತೆಗೆದು ನಿರೂಪಕಿಯ ಕೈಗೆ ಕೊಟ್ಟರು. ನಿರೂಪಕಿ ಹೊಸದಾಗಿ ಬಂದ ಟೀಚರು, ಕೊಟ್ಟಿದ್ದನ್ನು ಓದುವವರು. "ಸಮಾರಂಭದ ಅಧ್ಯಕ್ಷತೆಯನ್ನು ವಹಿಸಬೇಕೆಂದು..." ಎಂದು ಮೊದಲ ಸಾಲಿನಲ್ಲಿದ್ದ ಮೈಕ್ ಸೆಟ್ಟಿನವನ ಹೆಸರು ಹೇಳಿದರು.

ಅವನು ಆಗ ಏಣಿಯ ಮೇಲಿದ್ದ, ಬೇವಿನ ಮರಕ್ಕೆ ಹಾರ್ನ್ ಕಟ್ಟುತ್ತಿದ್ದ. ಕರೆದಿದ್ದಾರೆ ಎಂದು ಇಳಿದ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ನಡುವಿನ ದೊಡ್ಡ ಕುರ್ಚಿಯಲ್ಲಿ ಕೂತ. ಶಾಲು ಹೊದಿಸಿದರು, ಹಾರ ಹಾಕಿದರು. ಖರೇ ಅಧ್ಯಕ್ಷರು ಕೊನೆಯ ಕುರ್ಚಿಯಲ್ಲಿ, ಸೌಂಡ್ ಬಾಕ್ಸಿನ ಪಕ್ಕದಲ್ಲಿ ಕೂತು, "ಇರಲಿ ಬಿಡ್ರಿ, ನಾವು ಸಣ್ಣಾವ್ರು" ಅಂದರು. ಬಾಯಿಂದ ಬಂದ ಮಾತಿಗೂ ಅವರ ಮುಖಕ್ಕೂ ಸಂಬಂಧವಿರಲಿಲ್ಲ.

"ಅಲ್ಲಿ ಕುರ್ಚಿ ನಂಬರ್ ಹೋಲಸ್ಬೇಕಿತ್ರಿ ಸರ, ವಿನಯ ಅಲ್ಲ" ಎಂದು ಅಕ್ಕೋರು ನನ್ನ ಪಕ್ಕದಲ್ಲಿ ಕೂತು ಪಿಸುಗುಟ್ಟಿದರು. ಆದರೆ ಹೊತ್ತು ಮೀರಿತ್ತು. ಕಡೆಗೆ ಅಧ್ಯಕ್ಷೀಯ ಭಾಷಣ ಬಂತು. ಮೈಕ್ ಸೆಟ್ಟಿನವನು ಎದ್ದು ಮೈಕ್ ಹಿಡಿದ, ಎರಡು ಸಲ ತಟ್ಟಿದ, "ಹಲೋ, ಹಲೋ, ಚೆಕ್" ಅಂದ, "ಚಲೋ ಬರಾಕತ್ತೇತ್ರಿ" ಎಂದು ಹೇಳಿ ಕೂತ. ಇಡೀ ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಅಷ್ಟು ಬೇಗ ಮುಗಿದ ಅಧ್ಯಕ್ಷೀಯ ಭಾಷಣವನ್ನು ಆ ಶಾಲೆಯವರು ಅದುವರೆಗೆ ಕೇಳಿರಲಿಲ್ಲ. ಮುಂದಿನ ವರ್ಷಕ್ಕೂ ಅವನನ್ನೇ ಕರೆಯೋಣ ಎಂದು ಮಕ್ಕಳು ಕೂಗುತ್ತಿದ್ದರು.

೪. ನೋಡೂಣು

ಮೂರನೆಯ ವಾರ ಮುದ್ದೇಬಿಹಾಳ. ಅಲ್ಲಿಯ ಉರ್ದು ಶಾಲೆಯ ಮಾಸ್ತರು ಕಡಿಮೆ ಮಾತಿನವರು, ನಗಿಸಿ ತಾವು ನಗದವರು. ಅಂದಿನ ಪಾಠ ಬೂಲ್. ಇದರ ಉತ್ತರ ಹೌದು ಅಥವಾ ಅಲ್ಲ, ಎರಡೇ. ಮೂರನೆಯದಕ್ಕೆ ಪೈಥಾನ್ ಒಪ್ಪುವುದಿಲ್ಲ.

ಅವತ್ತು ಅಕ್ಕೋರಿಗೆ ಪಾಠದ ಮೇಲೆ ಗಮನವಿರಲಿಲ್ಲ. ಪೆಟ್ಟಿಗೆಗಳು ಬಾಗೇವಾಡಿಗೆ ಬಂದಿವೆಯೋ ಇಲ್ಲವೋ ಎಂಬ ಚಿಂತೆ. ನಾನೇ ಕಚೇರಿಯ ಸಾಹೇಬರಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟೆ, ಅಕ್ಕೋರೇ ಮಾತಾಡಿದರು.

"ಸರ, ಪೆಟ್ಟಿಗಿ ಬಂದಾವೇನ್ರಿ?"

"ನೋಡೂಣ್ರಿ."

"ಅಂದ್ರ ಬಂದಿಲ್ಲೇನ್ರಿ?"

"ಹಂಗಲ್ರಿ. ಆಗ್ತೇತಿ ತಗೋರಿ."

"ಪರೀಕ್ಷಾ ದಿವಸ ಇರತಾವಲ್ರಿ?"

"ಅದನ್ನೂ ನೋಡೂಣು," ಎಂದು ಸಾಹೇಬರು ಫೋನ್ ಇಟ್ಟರು.

ಉರ್ದು ಶಾಲೆಯ ಮಾಸ್ತರು 'ಸಾಹೇಬರು' ಎಂದು ಒಂದು ಕ್ಲಾಸ್ ಬರೆದರು. ಅದರ ಬೂಲ್ 'ನೋಡೂಣು' ಎಂದು ಉತ್ತರ ಕೊಡುವಂತೆ ಮಾಡಿ ಎಂಟರ್ ಒತ್ತಿದರು. ಪೈಥಾನ್ ಕೆಂಪಾಯಿತು. ಹೌದು ಅಥವಾ ಅಲ್ಲ ಎಂದು ಹೇಳಬೇಕು, ನೀವು ಬೇರೆ ಏನೋ ಹೇಳುತ್ತಿದ್ದೀರಿ ಎಂದು ದೂರು ಬರೆದು ನಿಂತುಬಿಟ್ಟಿತು.

"ಇದು ನಮ್ಮ ಜಿಲ್ಲಾದಾಗ ಬಾಳ್ವಿ ಮಾಡೂದಿಲ್ರಿ," ಅಂದರು ಮಾಸ್ತರು. "ಇಲ್ಲಿ ಹೌದು, ಅಲ್ಲ ಅಂತ ಯಾರಂತಾರು? ಕನ್ಯಾ ನೋಡಾಕ ಬಂದಾವ್ರು ಅಂತಾರೇನು, ಸೀಟ್ ಕೇಳಿದ್ರ ಕಂಡಕ್ಟರ್ ಅಂತಾನೇನು?" ಹೀಗೆ ಹೇಳಿ ಅವರೇ ಒಂದು ನಿಯಮ ಮಾಡಿದರು. ಬರೀ 'ನೋಡೂಣು' ಅಂದರೆ ಅಲ್ಲ. 'ಆಗ್ತೇತಿ ತಗೋರಿ' ಅಂದರೂ ಅಲ್ಲ. 'ಚಹಾ ಕುಡೀರಿ, ನೋಡೂಣು' ಅಂದರೆ ಖಂಡಿತ ಅಲ್ಲ. ಬೈದು ಕಳಿಸಿದರೆ ಮಾತ್ರ ಹೌದು, ಯಾಕೆಂದರೆ ಕೆಲಸ ಮಾಡುವವನಿಗೇ ಸಿಟ್ಟು ಬರುತ್ತದೆ. ಇಷ್ಟನ್ನೂ ಬೂಲ್ ಒಳಗೆ ಬರೆದರು. ಈ ಸಲ ಪೈಥಾನ್ ಯಾವ ತಕರಾರೂ ಮಾಡಲಿಲ್ಲ.

ಎಲ್ಲರೂ ನಗುವಾಗ ಅಕ್ಕೋರು ಮಾತ್ರ ನನ್ನ ಕಡೆ ತಿರುಗಿದರು. "ಸರ, ಪೆಟ್ಟಿಗಿ ಇರಲಿ. ನಾ ಪಾಸಾಗ್ತೇನಿ ಏನ್ರಿ?"

ಅವರಷ್ಟು ಚೆನ್ನಾಗಿ ಕಲಿತವರು ಆ ತಂಡದಲ್ಲಿ ಇರಲಿಲ್ಲ. ಬೇರೆಯವರ ತಪ್ಪುಗಳನ್ನೆಲ್ಲ ತಿದ್ದಿದವರು ಅವರೇ. ಆದರೆ ಪರೀಕ್ಷೆಗೆ ಮೊದಲೇ ಪಾಸು ಎಂದು ಹೇಳುವುದು ನನ್ನ ಕೆಲಸಕ್ಕೆ ಸರಿಹೋಗುವ ಮಾತಲ್ಲ. ನಾನು ಗಂಟಲು ಸರಿ ಮಾಡಿಕೊಂಡು "ನೋಡೋಣ" ಅಂದೆ.

ಮಾಸ್ತರು ನಿಧಾನವಾಗಿ ಕೀಬೋರ್ಡ್ ಎಳೆದುಕೊಂಡು, ನನ್ನ ಮಾತನ್ನು 'ನೋಡೂಣು' ಎಂದು ಬರೆದು, ಎಂಟರ್ ಒತ್ತಿ, ತೆರೆಯನ್ನು ನನ್ನ ಕಡೆ ತಿರುಗಿಸಿದರು. 'ಅಲ್ಲ' ಎಂದು ಬಂದಿತ್ತು. ಅಕ್ಕೋರು ಆ ಮಧ್ಯಾಹ್ನ ನನಗೆ ಉಪ್ಪಿನಕಾಯಿ ಹಾಕಲಿಲ್ಲ.

೫. ಬಾಗೇವಾಡಿಯಲ್ಲಿ ಸಿಕ್ಕಿಬಿದ್ದ ಪ್ರೋಗ್ರಾಮ್

ಪರೀಕ್ಷೆಯ ದಿನ ಬಾಗೇವಾಡಿಯ ಪಾಲಿನ ಪೆಟ್ಟಿಗೆಗಳು ಬಂದಿದ್ದವು. ಅಕ್ಕೋರ ಶಾಲೆಯ ಜಗಲಿಯ ಮೇಲೆ ಒಂದರ ಮೇಲೊಂದು ಇಟ್ಟಿದ್ದರು. ಹುಡುಗಿಯರು ದೂರ ನಿಂತು ನೋಡುತ್ತಿದ್ದರು, ಮುಟ್ಟಬಾರದು ಎಂದು ಅಕ್ಕೋರು ತಾಕೀತು ಮಾಡಿದ್ದರು. ಪಾಸಾದರೆ ಅವು ಒಳಗೆ, ಇಲ್ಲವಾದರೆ ಸಂಜೆಯ ಗಾಡಿಗೆ ಹೊರಗೆ.

ಪರೀಕ್ಷಕರು ಹಿರಿಯ ಮೇಡಂ ಒಬ್ಬರು, ಕನ್ನಡಕದ ಮೇಲಿನಿಂದ ನೋಡುವವರು, ಅಚ್ಚುಕಟ್ಟಾದ ಪುಸ್ತಕದ ಕನ್ನಡ ಆಡುವವರು. ಪ್ರಶ್ನೆ ಒಂದೇ ಇತ್ತು. "ನಿಮ್ಮ ಮನೆಯ ಇಬ್ಬರಿಗೆ ಕ್ಲಾಸ್ ಬರೆಯಿರಿ. ಇವರು ಯಾರು ಎಂದು ತೆರೆಯ ಮೇಲೆ ಪರಿಚಯಿಸುವ ಸ್ಟರ್ ಬರೆಯಿರಿ. ತಪ್ಪು ಬಂದರೆ ಅಲ್ಲೇ ತಿದ್ದಬೇಕು, ಹೊಸದು ಬರೆಯುವಂತಿಲ್ಲ. ಇನ್ನೊಬ್ಬರು ಕೀಬೋರ್ಡ್ ಮುಟ್ಟುವಂತಿಲ್ಲ."

ಮಾಸ್ತರುಗಳು ಮೂವರೂ ತಮ್ಮ ತಮ್ಮ ಅಪ್ಪ ಅವ್ವರನ್ನು ಪರಿಚಯಿಸಿ ಪಾಸಾದರು. ಸಿಂದಗಿಯ ಮಾಸ್ತರ ಅಪ್ಪನ ಹೆಸರಿನ ಹಿಂದೆ ಇದ್ದ ಗೌರವದ ಪದಗಳು ತೆರೆಯ ಒಂದು ಸಾಲನ್ನು ಪೂರ್ತಿ ತುಂಬಿ, ಹೆಸರು ಕೆಳಗಿನ ಸಾಲಿಗೆ ಬಿತ್ತು, ಅಷ್ಟೇ. ಕಡೆಗೆ ಅಕ್ಕೋರು ಕೂತರು. ಕಿಟಕಿಯ ಆಚೆ, ಬೇವಿನ ಮರದ ಕೆಳಗೆ, ಅವರನ್ನು ಬೈಕಿನಲ್ಲಿ ಕರೆತಂದ ಯಜಮಾನರು ಬುತ್ತಿಯ ಡಬ್ಬಿ ಹಿಡಿದು ಕೂತಿದ್ದರು. ಕಣ್ಣೆದುರಿಗೇ ಇದ್ದರಲ್ಲ, ಅಕ್ಕೋರು ಗಂಡ ಎಂದು ಒಂದು ಕ್ಲಾಸ್, ಹೆಂಡತಿ ಎಂದು ಒಂದು ಕ್ಲಾಸ್ ಬರೆದರು. ಕೈ ಎಲ್ಲೂ ನಿಲ್ಲಲಿಲ್ಲ. ನನಗೆ ನಿರಾಳವಾಯಿತು. ಅವರು ಎಂಟರ್ ಒತ್ತಿದರು.

ತೆರೆಯ ತುಂಬ ಕೆಂಪು ಸಾಲುಗಳು ಸುರಿದವು. ಎರಡೇ ಸಾಲು, ಒಂದಾದ ಮೇಲೆ ಒಂದು, ಮತ್ತೆ ಅದೇ, ಮತ್ತೆ ಅದೇ. ಕಡೆಯಲ್ಲಿ, ಕರೆದು ಕರೆದು ಮಿತಿ ಮೀರಿತು ಎಂದು ಪೈಥಾನ್ ಕೈಚೆಲ್ಲಿತ್ತು.

ನಾನು ಬಗ್ಗಿ ನೋಡಿದೆ. ಹೆಂಡತಿಯ ಸ್ಟರ್‌ನಲ್ಲಿ 'ಇವರ ಮನಿಯಾಕಿ' ಎಂದಿತ್ತು. ಇವರು ಎಂದರೆ ಯಾರು ಎಂದು ಪೈಥಾನ್ ಗಂಡನನ್ನು ಕೇಳಲು ಹೋಯಿತು. ಗಂಡನ ಸ್ಟರ್‌ನಲ್ಲಿ 'ಈಕಿ ಮನಿಯವರು' ಎಂದಿತ್ತು. ಈಕೆ ಎಂದರೆ ಯಾರು ಎಂದು ಅದು ಮರಳಿ ಹೆಂಡತಿಯ ಹತ್ತಿರ ಬಂತು. ಹೀಗೆ ಪಾಪದ ಪೈಥಾನ್ ಆ ಇಬ್ಬರ ನಡುವೆ ಓಡಾಡಿ ಓಡಾಡಿ ಸುಸ್ತಾಗಿ ಬಿದ್ದಿತ್ತು.

"ಎಲ್ಲಿಯಾದರೂ ಒಂದು ಕಡೆ ಹೆಸರು ಬರಬೇಕಲ್ಲ," ಅಂದರು ಮೇಡಂ. "ಪತಿಯ ಹೆಸರು ಹಾಕಿ. ಒಬ್ಬರದು ಬಂದರೆ ಇಬ್ಬರದೂ ಬಗೆಹರಿಯುತ್ತದೆ."

ಅಕ್ಕೋರ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಕಿವಿ ಕೆಂಪಾದವು. "ಆಗೂದಿಲ್ರಿ ಮೇಡಂ."

"ಯಾಕೆ?"

"ಮದಿವ್ಯಾದಾಗಿಂದ ಅಂದಿಲ್ರಿ. ನಾ ವಿಜ್ಞಾನ ಹೇಳಾಕಿ, ಇದರಾಗ ಏನೂ ಇಲ್ಲ ಅಂತ ನನಗೂ ಗೊತ್ತೈತಿ. ನಂಬಿಕಿ ಅಲ್ರಿ ಇದು. ಕೈ ನಾಲಿಗಿ ಎರಡೂ ಹೊರಳೂದಿಲ್ಲ. ಫಾರ್ಮ್ ತುಂಬೂದಿದ್ರ ಹೆಸರಿನ ಜಾಗಾ ಅವರ ಬರೀತಾರ."

ಮಾಸ್ತರುಗಳಲ್ಲಿ ಚರ್ಚೆ ಶುರುವಾಯಿತು. "ಬೆರಳಲೆ ಒತ್ತಿದ್ರ ಅಂದಂಗ ಆಗೂದಿಲ್ರಿ," ಎಂದು ಮುದ್ದೇಬಿಹಾಳದವರು. "ಎಲ್ಲಾರಿಗೂ ಕಾಣತೈತಲ್ರಿ, ಅದು ಅಂದಂಗ," ಎಂದು ಸಿಂದಗಿಯವರು. "ಸಂಜಿ ಗಾಡಿ ಬರೂ ಹೊತ್ತಾತು," ಎಂದು ಇಂಡಿಯವರು. ಜಗಲಿಯ ಮೇಲೆ ಪೆಟ್ಟಿಗೆಗಳಿದ್ದವು, ಕೈಚೀಲದಿಂದ ರಟ್ಟಿನ ಕೀಬೋರ್ಡ್ ಇಣುಕುತ್ತಿತ್ತು, ಇಡೀ ತಂಡದಲ್ಲಿ ಎಲ್ಲ ಬಲ್ಲವರು ಒಂದೇ ಒಂದು ಹೆಸರಿಗೆ ಸಿಕ್ಕಿಬಿದ್ದಿದ್ದರು. ನನಗೆ ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಯಜಮಾನರನ್ನೇ ಒಳಗೆ ಕರೆಸಿದೆ, ಅವರಾದರೂ ಹೆಂಡತಿಗೆ ಸಮಾಧಾನ ಹೇಳಲಿ ಎಂದು. ಅವರು ಡಬ್ಬಿ ಹಿಡಿದೇ ಬಂದು, ತೆರೆ ನೋಡಿ, ವಿಷಯ ತಿಳಿದು, ಹೆಂಡತಿಗಿಂತ ಹೆಚ್ಚು ಕೆಂಪಾದರು. ಮೇಡಂ ಕೇಳಿದರು: "ನೀವಾದರೂ ಇವರನ್ನು ಹೆಸರು ಹಿಡಿದು ಕರೆಯುತ್ತೀರೋ?"

"ಇಲ್ರಿ. 'ಕೇಳ ಇಲ್ಲೆ' ಅಂತೀನ್ರಿ."

ಆಗ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪುಸ್ತಕದ ಕನ್ನಡವನ್ನೂ ಅದರ ಪಕ್ಕದಲ್ಲೇ ಇಟ್ಟರು. "ಏನವಾ ತಂಗಿ, ಹಂಗ ಅನ್ನಾಕ ಆಗದಿದ್ರ ಒಡಪು ಹಾಕಿ ಅನ್ನವಾ! ನಿನ್ನ ಕುಬಸದಾಗ ಬಾಗಲದಾಗ ನಿಲ್ಲಿಸಿದಾಗ ಏನ ಮಾಡಿದ್ದಿ?"

ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದು ಒಡಪಿನಲ್ಲಿ ಮಾತ್ರ. ಮದುವೆಯಲ್ಲಿ, ಕುಬಸ ಎಂಬ ಸೀಮಂತದಲ್ಲಿ ಓಣಿಯವರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳುವವರೆಗೆ ಒಳಗೆ ಬಿಡುವುದಿಲ್ಲ. ಆಗ ಎರಡು ಸಾಲಿನ ಪದ ಕಟ್ಟಿ, ಅದರ ಉಡಿಯಲ್ಲಿ ಹೆಸರಿಟ್ಟು ಹೇಳಿ ಪಾರಾಗಬೇಕು. ಅದು ಹೇಳಿದ ಹಾಗೂ ಆಗುತ್ತದೆ, ಹೇಳದ ಹಾಗೂ ಆಗುತ್ತದೆ. ಅಕ್ಕೋರು ಒಂದು ಗಳಿಗೆ ಕಿಟಕಿಯ ಆಚೆ ಪೆಟ್ಟಿಗೆಗಳನ್ನು ನೋಡಿದರು. ಗಂಡನ ಸ್ಟರ್ ತೆರೆದು, ಬಾಯಲ್ಲಿ ಗುನುಗುತ್ತ, ಒಂದೊಂದೇ ಅಕ್ಷರ ಒತ್ತಿದರು. ಎಂಟರ್ ಒತ್ತಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ತೆರೆಯ ಮೇಲೆ ಬಂತು:

ರಟ್ಟಿನ ಗುಂಡಿ ಒತ್ತಿ ಒತ್ತಿ ನೊಂದಾವ ನನ್ನ ಹುಡುಗ್ಯಾರ ಬಟ್ಟ,
... ರಾಯರ ಹೆಸರ ಹೇಳತೀನಿ ನಾಚಿಕಿ ಬದಿಗಿಟ್ಟ.

ಬಟ್ಟ ಅಂದರೆ ಬೆರಳು, ಚುಕ್ಕೆ ಇಟ್ಟಲ್ಲಿ ಹೆಸರಿತ್ತು. ಅದನ್ನು ಇಲ್ಲಿ ಬರೆಯಲು ನನಗೂ ಕೈ ಹೊರಳುತ್ತಿಲ್ಲ. ಅದರ ಕೆಳಗೆ ಹೆಂಡತಿಯ ಪರಿಚಯವೂ ಸರಾಗವಾಗಿ ಬಂದು ನಿಂತಿತ್ತು. ಕೆಂಪು ಸಾಲು ಒಂದೂ ಇರಲಿಲ್ಲ. ನಾನು ಆ ನಾಲ್ಕು ವಾರದಲ್ಲಿ ಮೊದಲ ಸಲ ಎಲ್ಲರೆದುರು ಜೋರಾಗಿ ನಕ್ಕೆ.

"ಪಾಸು," ಅಂದರು ಮೇಡಂ. ಆಮೇಲೆ ಯಜಮಾನರ ಕಡೆ ತಿರುಗಿ, "ಈಗ ನೀವು ಹೇಳ್ರಿ ಆಕಿ ಹೆಸರು" ಅಂದರು.

ಅವರು ಬುತ್ತಿಯ ಡಬ್ಬಿಯನ್ನು ನನ್ನ ಕೈಗಿಟ್ಟು ಬಾಗಿಲು ದಾಟಿಯಾಗಿತ್ತು. "ನನಗ್ಯಾವ ಪರೀಕ್ಷಾ ಐತ್ರಿ?" ಎಂಬುದು ಹೊರಗಿನಿಂದ ಕೇಳಿಸಿತು.

ಸಂಜೆಯ ಗಾಡಿ ಖಾಲಿ ಹೋಯಿತು. ಕೆಲವು ದಿನಗಳಾದ ಮೇಲೆ ನಾನು ಬಾಗೇವಾಡಿಗೆ ಹೋದಾಗ ಕಂಪ್ಯೂಟರುಗಳೆಲ್ಲ ಸಾಲಾಗಿ ಕೂತಿದ್ದವು. ರಟ್ಟಿನ ಕೀಬೋರ್ಡನ್ನು ಗೋಡೆಗೆ ಮೊಳೆ ಹೊಡೆದು ತೂಗು ಹಾಕಿದ್ದರು. ಮೊದಲ ದಿನ ಮಕ್ಕಳಿಗೆ ತೋರಿಸಲು ಅಕ್ಕೋರ ಹತ್ತಿರ ಸಿದ್ಧವಿದ್ದದ್ದು ಪರೀಕ್ಷೆಯ ಪ್ರೋಗ್ರಾಮ್ ಒಂದೇ. ಹಿಂದೆ ಏನೂ ಆಗವಲ್ದು ಎಂದಿದ್ದ ಹುಡುಗಿಯನ್ನೇ ಮುಂದೆ ಕರೆದು ಎಂಟರ್ ಒತ್ತಿಸಿದರಂತೆ. ತೆರೆಯ ಮೇಲೆ ಏನಿದೆ ಎಂಬುದು ಅಕ್ಕೋರಿಗೆ ನೆನಪಾಗುವಷ್ಟರಲ್ಲಿ ಅವಳು ಕೂಗಿದ್ದಳು: "ಆತ್ರಿ ಅಕ್ಕೋರ, ಈಗ ಆತ್ರಿ!" ಇಡೀ ತರಗತಿ ಒಡಪನ್ನು ಹೆಸರಿನ ಸಮೇತ ಒಕ್ಕೊರಲಿನಿಂದ ಓದಿ ಬಾಯಿಪಾಠ ಮಾಡಿಬಿಟ್ಟಿತು.

ಆವತ್ತಿನಿಂದ ಯಜಮಾನರ ಬೈಕು ಗೇಟಿನ ಹತ್ತಿರ ಕಂಡರೆ ಸಾಕು, ಹುಡುಗಿಯರು ಸಾಲಾಗಿ ನಿಂತು ಒಡಪು ಹೇಳುತ್ತಾರೆ. ಹೀಗಾಗಿ ಈಗ ಅವರು ಶಾಲೆಯ ತನಕ ಬರುವುದಿಲ್ಲ, ಅಕ್ಕೋರನ್ನು ಬಸ್ ಸ್ಟ್ಯಾಂಡಿನಲ್ಲೇ ಇಳಿಸಿ ಹೋಗುತ್ತಾರೆ.